ಅಮರನಾಥನ ಅಮೆರಿಕನ್ ಮೌನ

ಕಾರಿಗೆ ಹಿಂದಕ್ಕೆ ಹೋಗುವ ಗೇರು ಇರದಿದ್ದರೆ ಅಮರನಾಥನ ಆ ಭಾನುವಾರವೂ ಉಳಿದ ಭಾನುವಾರಗಳಂತೆ ಉಂಡು ಮಲಗಿ ಕಳೆದುಹೋಗುತ್ತಿತ್ತು.

ಅಫಜಲಪುರದ ಬಜಾರದಲ್ಲಿ ಅವನದೊಂದು ಚಷ್ಮಾ ಅಂಗಡಿ. ಸುತ್ತಲಿನ ಹಳ್ಳಿಗಳ ಮಂದಿಗೆಲ್ಲ ಕಣ್ಣು ಕಾಣಿಸುವ ಕೆಲಸ ಅವನದು. ಮಾತು ಅವನಿಗೆ ಅಂಗಡಿಯ ಸರಕಿಗಿಂತ ಹೆಚ್ಚು ಖರ್ಚಾಗುತ್ತಿತ್ತು. ಲೈನ್‌ಮನ್ ಕಂಬ ಹತ್ತಿದರೆ ಕೆಳಗೆ ನಿಂತು ಯಾವ ತಂತಿ ಮುಟ್ಟಬೇಕೆಂದು ಹೇಳುವವನು ಅವನೇ, ಮದುವೆಮನೆಯಲ್ಲಿ ಅಡುಗೆಯವನಿಗೆ ಉಪ್ಪು ಎಷ್ಟೆಂದು ಹೇಳುವವನೂ ಅವನೇ. ಇಂಥವನು ಈಚೆಗೆ ಆಳಂದದ ವ್ಯಾಪಾರಿಯೊಬ್ಬನಿಂದ ಹಳೆಯ ಬಿಳಿ ಕಾರೊಂದನ್ನು ಕೊಂಡಿದ್ದ. ಹೆಂಡತಿ ಮಹಾನಂದಾಳಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಸೈಕಲ್ ಮೇಲೆ ಕೂತಾಗಲೂ ಕಂಬಕ್ಕೆ ದಾರಿ ಬಿಡದ ಮನುಷ್ಯ ಕಾರು ಓಡಿಸುವುದುಂಟೇ ಎಂದು ಜಗಳ ತೆಗೆದು, ಕೊನೆಗೆ ಒಂದು ಕರಾರು ಹಾಕಿ ಸುಮ್ಮನಾಗಿದ್ದಳು. ಎಲ್ಲಿಯಾದರೂ ಒಂದು ಗೀರು ಬಿದ್ದರೂ ಸಾಕು, ಕಾರು ಮರಳಿ ಆಳಂದಕ್ಕೆ.

ಮುಂದಕ್ಕೆ ಹೋಗುವುದನ್ನು ಅಮರನಾಥ ಕಲಿತಿದ್ದ. ಹಿಂದಕ್ಕೆ ಬರುವುದು ಮಾತ್ರ ಬಂದಿರಲಿಲ್ಲ. ಬಡಾವಣೆಯ ರಸ್ತೆ ಇಕ್ಕಟ್ಟು, ಕಾರು ತಿರುಗಿಸಲು ಜಾಗವಿಲ್ಲ. ಅದಕ್ಕೇ ಆ ದಿನ ಯಾರೂ ಏಳುವ ಮುಂಚೆ ಕಾರು ಹೊರಗೆ ತೆಗೆದು, ಕುತ್ತಿಗೆ ಹಿಂದಕ್ಕೆ ತಿರುಗಿಸಿ ಅಭ್ಯಾಸ ಶುರುಮಾಡಿದ. ಕಾರು ಮೆಲ್ಲಗೆ ಹಿಂದೆ ಸರಿಯಿತು. ಬ್ರೇಕ್ ಒತ್ತಬೇಕೆನಿಸಿದಾಗ ಒತ್ತಿದ. ಆದರೆ ಕಾಲು ಇದ್ದದ್ದು ಅದರ ಪಕ್ಕದ ಪೆಡಲಿನ ಮೇಲೆ.

ಧಡ್ ಎಂದಿತು. ಇಳಿದು ನೋಡಿದರೆ ಎದುರುಮನೆಯ ಸುಮಿತ್ರಾಬಾಯಿ ಅಕ್ಕೋರ ಕಂಪೌಂಡ್ ಗೋಡೆಯ ಅರ್ಧಭಾಗ ಇಟ್ಟಿಗೆಯ ಗುಡ್ಡೆಯಾಗಿ ಬಿದ್ದಿತ್ತು. ಕಾರಿನ ಹಿಂದಿನ ದೀಪ ಒಡೆದು ಬಂಪರು ಒಳಗೆ ಹೋಗಿತ್ತು. ಸಾಕ್ಷಿಗೆ ಇದ್ದದ್ದು ಒಂದು ನಾಯಿ. ಅದು ಇವನನ್ನೊಮ್ಮೆ ಗೋಡೆಯನ್ನೊಮ್ಮೆ ನೋಡಿ, ತನಗೇಕೆ ಊರ ಉಸಾಬರಿ ಎಂಬಂತೆ ಎದ್ದು ಹೋಯಿತು. ಅಮರನಾಥ ಕಾರನ್ನು ಮುಂದಕ್ಕೆ ಓಡಿಸಿಕೊಂಡು ಬಂದು ತನ್ನ ಅಂಗಳದಲ್ಲಿ ನಿಲ್ಲಿಸಿ, ಮೇಲೆ ತಾಡಪತ್ರಿ ಹೊದಿಸಿದ.

ಸುಮಿತ್ರಾಬಾಯಿ ಅಕ್ಕೋರು ಊರಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ನಾಲ್ಕನೆಯ ಇಯತ್ತೆಯಲ್ಲಿ ಅಮರನಾಥನಿಗೆ ಕಲಿಸಿದವರು. ಅವನಿಗೀಗ ನಲವತ್ತು ದಾಟಿದೆ, ಕೂದಲಿಗೆ ಬಣ್ಣ ಹಚ್ಚುತ್ತಾನೆ, ಆದರೂ ಅಕ್ಕೋರು ಎದುರು ಬಂದರೆ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ಗೋಡೆ ಕೆಡವಿದೆ ಎಂದು ಅವರಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಹೇಳಿದರೆ ಹೆಂಡತಿಗೆ ಗೊತ್ತಾಗುತ್ತದೆ. ಗೊತ್ತಾದರೆ ಕಾರು ಹೋಗುತ್ತದೆ. ಭಾನುವಾರವೆಂದೂ ನೋಡದೆ, ಚಹಾ ಕೂಡ ಕುಡಿಯದೆ ಅಂಗಡಿಗೆ ಓಡಿದ.

ಅಂಗಡಿಯ ಪಕ್ಕದಲ್ಲೇ ಖಾಜಾನ ಮೊಬೈಲ್ ರಿಪೇರಿ ಅಂಗಡಿ. ಖಾಜಾ ಒಂದು ಫೋನ್ ರಿಪೇರಿ ಮಾಡುತ್ತ ಇನ್ನೊಂದು ಫೋನಿನಲ್ಲಿ ಅಮೆರಿಕದ ಪೊಲೀಸರ ವಿಡಿಯೊ ನೋಡುವವನು. ಯಾವ ರಾಜ್ಯದಲ್ಲಿ ಪೊಲೀಸರು ಯಾವ ಬಣ್ಣದ ಕಾರಿನಲ್ಲಿ ಬರುತ್ತಾರೆಂದು ಅವನಿಗೆ ಕಂಠಪಾಠ. ಆ ಹೊತ್ತಿಗೆ ವಿಡಿಯೊದಲ್ಲಿ ಒಬ್ಬ ದಪ್ಪನೆಯ ಪೊಲೀಸ ಒಬ್ಬನಿಗೆ ಬೇಡಿ ಹಾಕುತ್ತ ಏನನ್ನೋ ಪಟಪಟ ಒದರುತ್ತಿದ್ದ. ಏನಂತಾನೆಂದು ಅಮರನಾಥ ಕೇಳಿದ.

"ಅದು ಅಲ್ಲಿ ರಿವಾಜು ಭಾಯಿ" ಎಂದ ಖಾಜಾ. "ನಿನಗ ಸುಮ್ನಿರೋ ಹಕ್ಕದ ಅಂತ ಪೊಲೀಸಾಂವ ತಾನೇ ಹೇಳಬೇಕು. ಬಾಯಿ ಬಿಟ್ಟಿ ಅಂದ್ರ ಆ ಮಾತೇ ನಿನ್ನ ಮ್ಯಾಲ ಗವಾಯಿ, ಅಂದ್ರ ಸಾಕ್ಷಿ ಆಗ್ತದ, ಬಿಡಲಿಲ್ಲ ಅಂದ್ರ ಯಾರೂ ಏನೂ ಮಾಡಂಗಿಲ್ಲ."

ಅಮರನಾಥನಿಗೆ ಹೊಸ ಚಷ್ಮಾ ಹಾಕಿದಂತಾಯಿತು. ಇಷ್ಟು ದಿನ ಬಾಯಿ ಇರುವುದು ಮಾತಾಡಲಿಕ್ಕೆಂದು ತಿಳಿದಿದ್ದ. ಮುಚ್ಚಲಿಕ್ಕೂ ಕಾನೂನು ಇದೆಯೆಂದು ಯಾರೂ ಹೇಳಿರಲಿಲ್ಲ.

ಚಷ್ಮಾದ ಸಡಿಲಾದ ಕಡ್ಡಿ ಬಿಗಿ ಮಾಡಿಸಲು ಕಾಲೇಜಿನ ರಾಜ್ಯಶಾಸ್ತ್ರದ ಉಪನ್ಯಾಸಕ ಧಮ್ಮಪಾಲ ಸರ್ ಅಲ್ಲೇ ಕೂತಿದ್ದರು. ಅವರೂ ಅದೇ ಬಡಾವಣೆಯವರು. ಇದು ಖರೆಯೇ ಎಂದು ಅಮರನಾಥ ಅವರನ್ನು ಕೇಳಿದ. ಖರೆ, ಅವರ ಸಂವಿಧಾನದ ಐದನೇ ತಿದ್ದುಪಡಿಯಲ್ಲಿದೆ, ಸುಮ್ಮನಿದ್ದ ಮಾತ್ರಕ್ಕೆ ಗುನ್ಹೆಗಾರನೆಂದು ಅಲ್ಲಿಯ ಕೋರ್ಟು ತಿಳಿಯುವಂತಿಲ್ಲ ಎಂದರು ಸರ್. ಆಮೇಲೆ ಕಡ್ಡಿ ನೋಡುತ್ತ, "ಅಷ್ಟು ದೂರ ಯಾಕ ಹೋಗ್ತಿ ಅಮರನಾಥ. ನಮ್ಮ ಸಂವಿಧಾನದಾಗೂ ಅದ, ಇಪ್ಪತ್ತನೇ ವಿಧಿ. ಬಾಬಾಸಾಹೇಬರು ಇಟ್ಟು ಹೋಗ್ಯಾರ. ನಾ ವರ್ಷಾ ಪಾಠ ಮಾಡ್ತೇನಿ, ಹುಡುಗೂರು ವರ್ಷಾ ನಿದ್ದಿ ಮಾಡ್ತಾವ" ಎಂದರು.

ಊರಲ್ಲೇ ಸಿಗುವ ಹಕ್ಕಿನ ಮೇಲೆ ಅಮರನಾಥನಿಗೆ ಭರವಸೆ ಬರಲಿಲ್ಲ. ಫೋನಿನಲ್ಲಿ ಬಂದದ್ದೇ ಗಟ್ಟಿ ಮಾಲು ಎನಿಸಿತು.

ಅಷ್ಟರಲ್ಲಿ ಚಹಾ ಬಂತು, ಚಹಾದ ಹಿಂದೆ ನಾಲ್ಕು ಮಂದಿ ಬಂದರು, ಅಮೆರಿಕದ ಮೇಲೆ ಮಾತು ಹತ್ತಿಕೊಂಡಿತು. ಅಲ್ಲಿ ಮನೆಗೊಂದು ಬಂದೂಕು ಇಟ್ಟುಕೊಳ್ಳುವ ಹಕ್ಕಿದೆ, ಆದರೆ ಅಂಗಳದಲ್ಲಿ ಒಂದು ಆಡು ಕಟ್ಟಲು ಪರವಾನಗಿ ಬೇಕು ಎಂದು ಒಬ್ಬ ಹೇಳಿದ. ಅಲ್ಲಿಯ ಅಧ್ಯಕ್ಷ ಒಂದು ಸಹಿ ಹಾಕಿದರೆ ಜೇಲಿನಲ್ಲಿದ್ದವನೂ ಮನೆಗೆ ಬಂದು ಊಟ ಮಾಡಬಹುದು ಎಂದು ಇನ್ನೊಬ್ಬ. ಅದೇ ಅಧ್ಯಕ್ಷನನ್ನು ನಡುಬೀದಿಯಲ್ಲಿ ನಿಂತು ಬೈದರೂ ಯಾರೂ ಕೇಳುವುದಿಲ್ಲವಂತೆ ಎಂದು ಮತ್ತೊಬ್ಬ. ಹಾಗಾದರೆ ಒಂದೇ ಪುಸ್ತಕದಲ್ಲಿ ಮಾತಾಡುವ ಹಕ್ಕೂ ಸುಮ್ಮನಿರುವ ಹಕ್ಕೂ ಎರಡೂ ಇವೆಯಲ್ಲ, ಪಾಪ ಆ ಮಂದಿ ಮುಂಜಾನೆ ಎದ್ದು ಯಾವುದನ್ನು ಬಳಸುತ್ತಾರೆ ಎಂದು ಖಾಜಾ ಚಿಂತೆ ಮಾಡಿದ. ಬೇರೆ ದಿನವಾಗಿದ್ದರೆ ಇಂಥ ಚರ್ಚೆಗೆ ಅಮರನಾಥನೇ ಮುಂದಾಳು. ಇಂದು ಅವನು ಕಡ್ಡಿ ಬಿಗಿ ಮಾಡಿ, ತುಟಿಯನ್ನೂ ಬಿಗಿ ಮಾಡಿ ಕೂತಿದ್ದ.

ಫೋನು ಬಂತು. ಮಹಾನಂದಾ. ಅಕ್ಕೋರ ಗೋಡೆ ಯಾರೋ ಕೆಡವಿದ್ದಾರೆ, ಬಡಾವಣೆಯೆಲ್ಲ ಕೂಡಿದೆ, ಎಲ್ಲರೂ ನೀವೆಲ್ಲಿ ಅಂತ ಕೇಳುತ್ತಿದ್ದಾರೆ, ಲಗೂನ ಬರ್ರಿ ಎಂದಳು. ಹೋಗದಿದ್ದರೆ ಸಂಶಯ ಬರುತ್ತದೆ. ಹೋದ.

ಬಿದ್ದ ಗೋಡೆಯ ಸುತ್ತ ಬಸ್ ಸ್ಟ್ಯಾಂಡಿನಷ್ಟು ಮಂದಿ. ಅಮರನಾಥ ಬಂದದ್ದೇ ಎಲ್ಲರೂ ಅವನ ಬಾಯಿ ನೋಡಿದರು. ಆ ಬಾಯಿ ತೆರೆಯಲಿಲ್ಲ. ಪಕ್ಕದ ಮನೆಯ ಗುರಣ್ಣ, ಬಸ್ ಡ್ರೈವರ್ ಆಗಿ ನಿವೃತ್ತನಾಗಿ ಈಗ ಒಂದು ಎಮ್ಮೆ ಸಾಕಿಕೊಂಡಿರುವವನು, ಹತ್ತಿರ ಬಂದು ಭುಜ ಅಲುಗಾಡಿಸಿದ. "ಯಾಕೋ ಅಮರ್ಯಾ, ಗಂಟಲಾ ಕೆಟ್ಟದೇನು?" ಉತ್ತರವಿಲ್ಲ. ಅಷ್ಟೇ ಸಾಕಾಯಿತು. ಒಬ್ಬರು ಬಿಸಿನೀರು ಉಪ್ಪು ಎಂದರು, ಒಬ್ಬರು ಅರಿಶಿನ ಹಾಲು ಎಂದರು, ಗುರಣ್ಣ ತನ್ನ ಕಿಸೆಯಲ್ಲಿದ್ದ ಲವಂಗವನ್ನು ಅವನ ಬಾಯಿಗೆ ತುರುಕಿಯೇ ಬಿಟ್ಟ.

ಮಹಾನಂದಾ ಗಂಡನನ್ನು ಎರಡು ಸಲ ಮಾತಾಡಿಸಿ ಪರೀಕ್ಷೆ ಮಾಡಿ ನೋಡಿದಳು. ಮದುವೆಯಾದಂದಿನಿಂದ ಇಂಥ ದಿನ ಅವಳಿಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದನ್ನು ಕಳೆದುಕೊಳ್ಳುವವಳೂ ಅಲ್ಲ. ಕೊಳಕೂರಿನಿಂದ ತನ್ನ ತಮ್ಮ ಹೆಂಡತಿ ಮಕ್ಕಳೊಂದಿಗೆ ಸಂಜೆ ಬರುವವನಿದ್ದಾನೆ, ನಾಳೆ ಗಾಣಗಾಪುರಕ್ಕೆ ಹೋಗಲು ನಮ್ಮ ಕಾರು ಕೊಡೋಣವೇ ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಅಮರನಾಥನ ಕಣ್ಣು ಹೊರಗೆ ಬಂದವು. ಕಾರು ಕೊಟ್ಟರೆ ತಾಡಪತ್ರಿ ತೆಗೆಯಬೇಕು. ಬೇಡವೆಂದರೆ ಯಾಕೆ ಬೇಡ ಎಂದು ಹೇಳಬೇಕು. ಹೇಳಿದರೆ ಆ ಮಾತೇ ಗವಾಯಿ.

"ಆತು ಬಿಡ್ರಿ" ಎಂದಳು ಮಹಾನಂದಾ ಮಂದಿಯ ಕಡೆ ತಿರುಗಿ. "ಒಪ್ಪಿದ್ರು."

ಮಹೇಶಕುಮಾರ ಆಗ ಮುಂದೆ ಬಂದ. ಪುರಸಭೆಗೆ ಈ ವಾರ್ಡಿನಿಂದ ನಿಲ್ಲಬೇಕೆಂದು ಅವನು ಎಷ್ಟೋ ದಿನದಿಂದ ಬಿಳಿ ಅಂಗಿ ಹಾಕಿಕೊಂಡು ತಿರುಗುತ್ತಿದ್ದ. ಒಂದು ಟ್ರ್ಯಾಕ್ಟರ್ ಇದ್ದವನು. ಸಾವಾಗಲಿ ಸೀಮಂತವಾಗಲಿ ಒಂದು ಸಮಿತಿ ಮಾಡದೆ ಬಿಡುವವನಲ್ಲ. ಇದಕ್ಕೂ ವಿಚಾರಣಾ ಸಮಿತಿ ಆಗಲೇಬೇಕು ಎಂದ. ಅಧ್ಯಕ್ಷ ಯಾರೆಂದು ಗದ್ದಲವಾಯಿತು. ಅವನಾದರೆ ಇವನು ಬೇಡ, ಇವನಾದರೆ ಅವನು ಬೇಡ. ಬೆಳಗಿನಿಂದ ಯಾರ ಮೇಲೂ ಬೆರಳು ತೋರಿಸದೆ ಇದ್ದವನು ಅಮರನಾಥ ಒಬ್ಬನೇ, ಅವನೇ ಆಗಲಿ ಎಂದು ಯಾರೋ ಹೇಳಿದರು. ಅಮರನಾಥ ಆಗದು ಎಂದು ತಲೆ ಅಲ್ಲಾಡಿಸಿದ. ಬಾಯಲ್ಲಿದ್ದ ಲವಂಗ ಖಾರವಾಗಿ ತಲೆ ಅತ್ತಿತ್ತ ಮೇಲೆ ಕೆಳಗೆ ಎಲ್ಲ ಕಡೆಗೂ ಹೋಯಿತು. ಮಂದಿ ಚಪ್ಪಾಳೆ ತಟ್ಟಿತು. ಗೋಡೆ ಕೆಡವಿದವನೇ ಗೋಡೆ ಕೆಡವಿದವನನ್ನು ಹುಡುಕುವ ಸಮಿತಿಯ ಅಧ್ಯಕ್ಷನಾದ.

ವಿಚಾರಣೆ ಮೆರವಣಿಗೆಯಂತೆ ಹೊರಟಿತು. ಮುಂದೆ ಅಮರನಾಥ, ಹಿಂದೆ ಬಡಾವಣೆ. ಮಣ್ಣಿನಲ್ಲಿ ಗಾಲಿಯ ಗುರುತು ಕಂಡಲ್ಲೆಲ್ಲ ಅವನು ಹೋಗಿ ಅದರ ಮೇಲೆ ನಿಂತ. ಇಟ್ಟಿಗೆಯ ನಡುವೆ ಕೆಂಪು ಗಾಜಿನ ಚೂರು ಮಿಂಚಿತು. ಬಗ್ಗಿ ಎತ್ತಿ ಕಿಸೆಗೆ ಹಾಕಿಕೊಂಡ. ನೋಡ್ರಿ ಹೆಂಗ ಸಾಕ್ಷಿ ಜಮಾ ಮಾಡಾಕತ್ತಾನ ಎಂದು ಮಂದಿ ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡರು. ಅವನ ಮೌನಕ್ಕೆ ಈಗ ತೂಕ ಬಂದಿತ್ತು. ದಾರಿ ತೋಚದೆ ಅವನು ಯಾರ ಮನೆಯ ಕಡೆ ನೋಡಿದರೂ ಆ ಮನೆಯವರು ಹೊರಗೆ ಬಂದು ತಾವಲ್ಲವೆಂದು ಆಣೆ ಮಾಡತೊಡಗಿದರು. ಅವರು ಆಣೆ ಮಾಡಿದರೆಂದು ಪಕ್ಕದವರಿಗೆ ಸಂಶಯ ಬಂತು. ಮಧ್ಯಾಹ್ನವಾಗುವಷ್ಟರಲ್ಲಿ ಎರಡು ಮನೆಗಳ ನಡುವೆ ಮಾತು ನಿಂತಿತ್ತು, ಮೂರನೆಯ ಮನೆಯವರು ಸಾಲಾಗಿ ಎಲ್ಲರಿಗೂ ಹಳೆಯ ಜಗಳ ನೆನಪು ಮಾಡಿಕೊಡುತ್ತಿದ್ದರು.

ಇಷ್ಟೆಲ್ಲ ನಡೆಯುವಾಗ ಸುಮಿತ್ರಾಬಾಯಿ ಅಕ್ಕೋರು ಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಮಂದಿ ಸುಸ್ತಾದ ಮೇಲೆ ಎದ್ದು ಬಂದು, ಅಮರನಾಥನ ಎದುರು ನಿಂತರು. ಅವನ ಕೈ ಬೆನ್ನ ಹಿಂದೆ ಹೋಯಿತು.

"ಅಮರನಾಥ, ನಿನಗೇನಾರ ಗೊತ್ತದೇನಪಾ?"

ಬೆವರು ಅವನ ಕಿವಿಯ ಹಿಂದಿನಿಂದ ಇಳಿದು ಕಾಲರಿಗೆ ಹೋಯಿತು. ಹೇಳಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಆಗ ಕಣ್ಣೆದುರು ಆ ದಪ್ಪ ಪೊಲೀಸ ಬಂದ. ಅಮರನಾಥ ನೆಲ ನೋಡಿದ. ಅಕ್ಕೋರು ಅಷ್ಟರಲ್ಲಿ ಮನೆಗೆ ಬರುತ್ತಿದ್ದ ಧಮ್ಮಪಾಲ ಸರ್‌ರನ್ನು ಬದಿಗೆ ಕರೆದು ಅದೇನೋ ಕೇಳಿದರು. ಸರ್ ನಕ್ಕು ಅದೇನೋ ಹೇಳಿದರು. ಅಕ್ಕೋರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲು ತೆರೆಯಿತು. ಅಕ್ಕೋರ ಕೈಯಲ್ಲಿ ಮಡಿಸಿದ ಹೊಸ ಶಾಲು, ಒಂದು ಹೂವಿನ ಹಾರ. ಮುಖದ ಮೇಲೆ ನಗು. ಎಲ್ಲರನ್ನೂ ಕೂಗಿ ಕರೆದರು.

ತಮ್ಮ ಮನಸ್ಸಿನ ಮಾತು ಇವತ್ತು ಹೇಳಿಬಿಡುತ್ತೇನೆ ಎಂದು ಶುರುಮಾಡಿದರು. ಈ ಗೋಡೆ ಕಟ್ಟಿಸಿದಂದಿನಿಂದ ಮನೆಗೆ ಕಳೆ ಇರಲಿಲ್ಲ. ತಿಳಿದವರೊಬ್ಬರು ಬಂದು ನೋಡಿ, ಗೋಡೆ ಮನೆಯ ಭಾಗ್ಯಕ್ಕೆ ಅಡ್ಡ ನಿಂತಿದೆ, ಆದರೆ ನೀವು ಕೈಯಾರೆ ಕೆಡವಬಾರದು, ಯಾರಿಗೂ ಹೇಳಲೂಬಾರದು, ಪರರ ಕೈಯಿಂದ ತಾನಾಗಿ ಬೀಳಬೇಕು ಎಂದಿದ್ದರು. ಇಂದು ಬಿತ್ತು. ಬಿದ್ದ ದಿನವೇ ಮಗಳು ಫೋನ್ ಮಾಡಿದ್ದಾಳೆ, ಎಷ್ಟೋ ವರ್ಷದಿಂದ ತಪ್ಪುತ್ತಿದ್ದ ವರ್ಗಾವಣೆ ಕಲಬುರಗಿಗೇ ಆಗಿದೆ.

"ಕೆಡವಿದವರು ನನ್ನ ಪಾಲಿಗೆ ದೇವರು" ಎಂದರು ಅಕ್ಕೋರು. "ಹೆಂಗರೆ ಕೆಡವಿರ್ಲಿ, ಯಾರರೆ ಇರ್ಲಿ. ಈ ಶಾಲು ಹೊದಸ್ತೇನಿ. ಮನಿ ಬಾಜೂಕಿನ ಖುಲ್ಲಾ ಜಾಗಾ ಅದಲ್ಲ, ನಾ ಇರೋತನಕ ಅದನ್ನ ಅವರೇ ಬಳಸ್ಲಿ."

ಆ ಜಾಗ. ಬೇವಿನ ನೆರಳು, ನಾಲ್ಕು ಕಡೆ ಬೇಲಿ, ಅಗಲವಾದ ಗೇಟು. ಬಡಾವಣೆಯಲ್ಲಿ ಅದರ ಮೇಲೆ ಕಣ್ಣಿಡದವರಿರಲಿಲ್ಲ. ಗುರಣ್ಣನಿಗೆ ಎಮ್ಮೆ ಕಟ್ಟಲು ಅದು ಬೇಕಿತ್ತು, ಮಹೇಶಕುಮಾರನಿಗೆ ಚುನಾವಣೆಯ ಪೆಂಡಾಲಿಗೆ, ಅಮರನಾಥನಿಗೆ ಕಾರು ನಿಲ್ಲಿಸಲು. ಅಲ್ಲಿ ಕಾರು ಹಿಂದಕ್ಕೆ ಬರಬೇಕಾದದ್ದೇ ಇಲ್ಲ, ಒಂದು ಸುತ್ತು ಹೊಡೆದರೆ ಮುಖ ಹೊರಗೆ.

ಮಹೇಶಕುಮಾರ ಎದೆಯ ಮೇಲೆ ಕೈಯಿಟ್ಟುಕೊಂಡು ಮುಂದೆ ಬಂದ. ನಿನ್ನೆ ರಾತ್ರಿ ತನ್ನ ಟ್ರ್ಯಾಕ್ಟರ್ ತುಸು ತಾಗಿತ್ತು, ದೊಡ್ಡಸ್ತಿಕೆ ಆದೀತೆಂದು ಇಷ್ಟೊತ್ತೂ ಹೇಳಲಿಲ್ಲ ಎಂದ. ಗುರಣ್ಣ ಅವನ ಬಿಳಿ ಅಂಗಿ ಹಿಡಿದು ಹಿಂದೆಳೆದ. ಟ್ರ್ಯಾಕ್ಟರ್ ಹಿರೋಳ್ಳಿಯ ಹೊಲದಲ್ಲಿ ಗಾಲಿ ಕಳಚಿ ನಿಂತು ವಾರವಾಯಿತು, ಅಲ್ಲಿಂದ ಇಲ್ಲಿಗೆ ಹೆಂಗ ತಾಗ್ತದ ಎಂದು ಕೇಳಿ, ಖರೆ ಹೇಳಬೇಕೆಂದರೆ ಕೆಡವಿದ್ದು ತನ್ನ ಎಮ್ಮೆ ಎಂದ. ರಾತ್ರಿ ಹಗ್ಗ ಹರಿದುಕೊಂಡು ಹೋಗಿತ್ತು. ಬೆನ್ನು ತುರಿಸಿದರೆ ಅದಕ್ಕೆ ಗೋಡೆಯೇ ಬೇಕು. ಬೇಕಾದರೆ ಇಟ್ಟಿಗೆ ನೋಡಿರಿ ಎಂದು ಒಂದು ಇಟ್ಟಿಗೆ ಎತ್ತಿ ತೋರಿಸಿದ. ಅದರ ಮೇಲೆ ನಿಜಕ್ಕೂ ಎರಡು ಕರಿ ಕೂದಲು ಅಂಟಿದ್ದವು. ಅವು ಗುರಣ್ಣನ ಕೈಗೆ ಮೊದಲೇ ಅಂಟಿದ್ದವೋ ಏನೋ, ಯಾರೂ ಕೇಳಲಿಲ್ಲ.

ತೀರ್ಪು ಹೇಳಬೇಕಾದವನು ವಿಚಾರಣಾ ಸಮಿತಿಯ ಅಧ್ಯಕ್ಷ. ಎಲ್ಲರೂ ಅಮರನಾಥನ ಕಡೆ ತಿರುಗಿದರು. ಅಮರನಾಥ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. ಅಧ್ಯಕ್ಷರ ತಕರಾರಿಲ್ಲ ಎಂದು ಗುರಣ್ಣನೇ ಘೋಷಣೆ ಮಾಡಿ ಮನೆಗೆ ಓಡಿದ.

ಎಮ್ಮೆ ಬಂತು. ಯಾರೋ ಅದರ ಹಣೆಗೆ ಕುಂಕುಮ ಹಚ್ಚಿದರು. ಅಕ್ಕೋರು ಗಂಭೀರವಾಗಿ ಕೊರಳಿಗೆ ಹಾರ ಹಾಕಿ ಬೆನ್ನಿಗೆ ಶಾಲು ಹೊದಿಸಿದರು. ಎಮ್ಮೆ ಹಾರದ ತುದಿಯನ್ನು ಬಾಯಿಗೆ ತಂದುಕೊಂಡು ನಿಧಾನವಾಗಿ ಮೆಲ್ಲತೊಡಗಿತು. ಗುರಣ್ಣ ಆಗಲೇ ಬೇಲಿಯ ಒಳಗೆ ಹೆಜ್ಜೆ ಹಾಕುತ್ತ ಗೋದಲಿ ಎಲ್ಲಿ ಬರಬೇಕು, ಗೂಟ ಎಲ್ಲಿ ಬಡಿಯಬೇಕು ಎಂದು ನೋಡುತ್ತಿದ್ದ.

ಅಮರನಾಥ ಬೇವಿನ ನೆರಳು ನೋಡಿದ. ಅದರ ಕೆಳಗೆ ತನ್ನ ಬಿಳಿ ಕಾರು ನಿಂತದ್ದು ಕಣ್ಣಿಗೆ ಕಟ್ಟಿತು. ಬಂಪರಿನ ಗೀರು ಗೀರಲ್ಲ, ಅದೇ ಪದಕ. ಮಹಾನಂದಾ ತಮ್ಮನಿಗೆ ಬೆರಳಿಟ್ಟು ತೋರಿಸುತ್ತಾಳೆ. ಅದೆಲ್ಲ ಈಗ ಒಂದು ಎಮ್ಮೆಯ ಬಾಯಲ್ಲಿ ಹಾರದ ಜೊತೆ ನುಣ್ಣಗಾಗುತ್ತಿತ್ತು.

"ಅದಲ್ರಿ" ಎಂದ ಅಮರನಾಥ. "ಕೆಡವಿದಾಂವ ನಾನು."

ಬೆಳಗಿನಿಂದ ಕೇಳದ ಆ ದನಿ ಕೇಳಿ ಮಂದಿ ಬೆಚ್ಚಿತು. ಲವಂಗ ಹತ್ತಿತು ನೋಡ್ರಿ ಎಂದರು ಯಾರೋ. ಗುರಣ್ಣ ಬೇಲಿ ದಾಟಿ ಬಂದ. "ಬಾಯಿಲ್ಲದ ಜೀವದ ಪುಣ್ಯಾ ಕಸಗೊಳ್ಳಾಕ ನಾಚಿಕಿ ಬರಂಗಿಲ್ಲೇನೋ ನಿನಗ?"

ಆಗ ಸೊನ್ನದ ಬ್ಯಾರೇಜಿನ ಗೇಟು ಎತ್ತಿದಂತಾಯಿತು. ದಿನವಿಡೀ ಕಟ್ಟಿ ನಿಂತಿದ್ದ ಮಾತೆಲ್ಲ ಒಂದೇ ಸಲ ಹರಿಯಿತು. ಎದ್ದದ್ದು, ಕಾರು ತೆಗೆದದ್ದು, ಬ್ರೇಕ್ ಎಂದು ಇನ್ನೊಂದನ್ನು ಒತ್ತಿದ್ದು, ನಾಯಿ ನೋಡಿದ್ದು, ತಾಡಪತ್ರಿ ಹೊದಿಸಿದ್ದು, ಒಂದೂ ಬಿಡದೆ ಹೇಳಿದ. ಯಾರೂ ನಂಬಲಿಲ್ಲ. ಜಾಗದ ಆಸೆಗೆ ಹೇಳುತ್ತಿದ್ದಾನೆ ಎಂದರು. ಅಮರನಾಥ ಓಡಿ ಹೋಗಿ ತಾಡಪತ್ರಿ ಕಿತ್ತೆಸೆದ. ಬಂಪರು ತೋರಿಸಿದ. ಕಿಸೆಯಿಂದ ಕೆಂಪು ಗಾಜು ತೆಗೆದು ಒಡೆದ ದೀಪಕ್ಕೆ ಕೂಡಿಸಿದ, ಸರಿಯಾಗಿ ಕೂತಿತು. ತಾನು ನಿಂತು ಮುಚ್ಚಿದ್ದ ಗಾಲಿಯ ಗುರುತುಗಳನ್ನೆಲ್ಲ ಬೆರಳಿಟ್ಟು ತೋರಿಸಿದ. ಮಂದಿ ಮೆಲ್ಲಗೆ ಅವನ ಕಡೆಗೆ ವಾಲತೊಡಗಿತು.

ಗುರಣ್ಣ ಬಿಡಲಿಲ್ಲ. ಇಡೀ ಜನ್ಮ ಬಸ್ ಓಡಿಸಿದವನು ತಾನು, ಇಷ್ಟು ಸಣ್ಣ ಕಾರು ಅಲ್ಲಿಂದ ಹಿಂದೆ ಬಂದು ಅಂಥ ಗೋಡೆ ಕೆಡವಲಿಕ್ಕೆ ಶಕ್ಯವೇ ಇಲ್ಲ, ಅದಕ್ಕೆ ಎಮ್ಮೆ ಬೇಕು ಎಂದು ವಾದಿಸಿದ. ಅದೂ ಹೌದೆನ್ನಿ ಎಂದು ಮಂದಿ ಮತ್ತೆ ಎಮ್ಮೆಯ ಕಡೆಗೆ ವಾಲಿತು.

"ಸರೀರಿ ಎಲ್ಲಾರೂ" ಎಂದು ಅಮರನಾಥ ಕಾರು ಹತ್ತಿದ.

ಕೀಲಿ ತಿರುವಿದ. ಬೆಳಿಗ್ಗೆ ಎಲ್ಲಿ ನಿಲ್ಲಿಸಿದ್ದನೋ ಅಲ್ಲೇ ತಂದು ನಿಲ್ಲಿಸಿದ. ಕುತ್ತಿಗೆ ಹಿಂದಕ್ಕೆ ತಿರುಗಿಸಿದ. ಮಹಾನಂದಾ ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದದ್ದು ಕಂಡಿತು, ಕೇಳಲಿಲ್ಲ. ಕಾರು ಬಾಣದಂತೆ ಹಿಂದಕ್ಕೆ ಬಂತು. ಉಳಿದಿದ್ದ ಅರ್ಧ ಗೋಡೆ, ಅದರ ಜೊತೆಗೆ ಗೇಟಿನ ಒಂದು ಕಂಬ, ಕಂಬದ ಮೇಲಿದ್ದ ದೀಪ ಎಲ್ಲವೂ ಕೂಡಿ ಅಂಗಳಕ್ಕೆ ಬಿದ್ದವು. ಧೂಳು ಎದ್ದು ಎಮ್ಮೆಯೂ ಕಾಣದಾಯಿತು. ಧೂಳು ಇಳಿದಾಗ ಬಡಾವಣೆಯೆಲ್ಲ ಒಟ್ಟಾಗಿ ಚಪ್ಪಾಳೆ ತಟ್ಟುತ್ತಿತ್ತು. ಇನ್ನು ಸಂಶಯವೇ ಉಳಿದಿರಲಿಲ್ಲ. ಗುರಣ್ಣ ಕೂಡ ಹೌದಪ್ಪಾ, ನೀನೇ ಎಂದು ಒಪ್ಪಿಕೊಂಡ.

ಅಮರನಾಥ ಕಾರಿನಿಂದ ಇಳಿದು, ಅಂಗಿಯ ಧೂಳು ಕೊಡವಿಕೊಂಡು, ಶಾಲಿಗಾಗಿ ಕುತ್ತಿಗೆ ಬಗ್ಗಿಸಿ ಅಕ್ಕೋರ ಮುಂದೆ ನಿಂತ. ಅಕ್ಕೋರು ಶಾಲಿನ ಕಡೆ ಕೈ ಹಾಕಲಿಲ್ಲ.

"ನಿನಗ ಯಾರೂ ಹೊಡದಿಲ್ಲ, ಹೆದರಿಸಿಲ್ಲ, ಹೌದಿಲ್ಲೋ?"

"ಇಲ್ರಿ ಅಕ್ಕೋರ. ನಾನಾಗೇ ಹೇಳಾಕತ್ತೇನಿ."

"ಗೋಡಿ ಕೆಡವಿದಾಂವ ನೀನೇ."

"ನಾನೇರಿ. ಎರಡು ಸಲ."

"ಛಲೋ ಆತು" ಎಂದರು ಅಕ್ಕೋರು. "ನಾಳಿ ಮುಂಜಾನಿ ಗೌಂಡಿ ಕರಕೊಂಡು ಬಾ. ಗೇಟಿನ ಕಂಬಾನೂ ಕಟ್ಟಸು. ಕಟ್ಟಿ ಮುಗಿಯೋತನಕ ರಾತ್ರಿ ನನ್ನ ಅಂಗಳಾ ಕಾಯಾಂವ ನೀನೇ."

ಅಮರನಾಥನ ಕುತ್ತಿಗೆ ಬಗ್ಗಿದಲ್ಲೇ ನಿಂತಿತು. ಮನೆಯ ಭಾಗ್ಯ, ಮಗಳ ವರ್ಗಾವಣೆ ಎಂದು ತೊದಲಿದ. ಅಕ್ಕೋರು ಅವರೆಕಾಯಿಯ ಬುಟ್ಟಿ ಎತ್ತಿಕೊಂಡರು. "ಯಾವ ಮಗಳೋ?"

ಆಗ ಬಡಾವಣೆಗೆ ನೆನಪಾಯಿತು. ಅಕ್ಕೋರಿಗೆ ಮಗಳೇ ಇಲ್ಲ. ಇರುವವನು ಒಬ್ಬನೇ ಮಗ, ಅಲ್ಲಿ ಕೂಡಿದವರಲ್ಲಿ ಅರ್ಧ ಮಂದಿ ಅವನ ಮದುವೆಯಲ್ಲಿ ಹೋಳಿಗೆ ಉಂಡವರು. ಬೇವಿನ ನೆರಳಿನ ಜಾಗ ಕಣ್ಣಿಗೆ ಬಿದ್ದದ್ದೇ ಎಲ್ಲರೂ ಆ ಹೋಳಿಗೆ ಮರೆತಿದ್ದರು. ವರ್ಗದಲ್ಲಿ ದಿನವೂ ವಟವಟ ಎನ್ನುವ ಹುಡುಗ ಒಂದು ದಿನ ಸುಮ್ಮನೆ ಕೂತರೆ ಏನೋ ಒಡೆದಿದ್ದಾನೆಂದೇ ಲೆಕ್ಕ, ಇದನ್ನು ತಿಳಿಯಲು ಸಮಿತಿ ಬೇಕಿರಲಿಲ್ಲ, ಅವನ ಬಾಯಿಂದ ಬರುವುದಷ್ಟೇ ಬಾಕಿ ಇತ್ತು ಎಂದು ಅಕ್ಕೋರು ಒಳಗೆ ಹೊರಟರು. ಮಹೇಶಕುಮಾರ ತಾನು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದೆ ಎಂದ. ಗುರಣ್ಣ ಹೇಳದೆ ಕೇಳದೆ ಎಮ್ಮೆಯ ಬೆನ್ನ ಮೇಲಿಂದ ಶಾಲು ತೆಗೆಯಲು ಹೋದ. ಅಕ್ಕೋರು ಹೊಸ್ತಿಲ ಮೇಲಿಂದಲೇ ಅವನನ್ನು ತಡೆದು, ಅದು ಅದರ ಮೇಲೇ ಇರಲಿ, ಇಲ್ಲಿ ಕೂಡಿದವರಲ್ಲಿ ಇವತ್ತು ಸುಳ್ಳು ಹೇಳದೆ ಇದ್ದದ್ದು ಅದೊಂದೇ, ಬೇಕಾದರೆ ನಾಲ್ಕು ದಿನ ಬೇವಿನ ನೆರಳಲ್ಲೂ ಕಟ್ಟು ಎಂದರು.

ಮಹಾನಂದಾ ಬಂದು ಗಂಡನ ಕೈಯಿಂದ ಕಾರಿನ ಕೀಲಿ ತೆಗೆದುಕೊಂಡಳು. ಫೋನ್ ತೆಗೆದು ತಮ್ಮನಿಗೆ, ನಾಳೆ ಗಾಣಗಾಪುರಕ್ಕೆ ಬಸ್ಸಿನಲ್ಲೇ ಹೋಗುವುದು, ಹೋಗುವ ಮೊದಲು ಈ ಕಾರನ್ನು ಆಳಂದಕ್ಕೆ ಮುಟ್ಟಿಸುವ ಕೆಲಸವೊಂದಿದೆ ಎಂದು ಹೇಳುತ್ತ ಮನೆಯೊಳಗೆ ಹೋದಳು.

ಮಂದಿ ಚದುರಿತು. ಇಟ್ಟಿಗೆಯ ಗುಡ್ಡೆಯ ಮೇಲೆ ಕೂತ ಅಮರನಾಥನ ಬಳಿ ಧಮ್ಮಪಾಲ ಸರ್ ಬಂದು ನಿಂತರು. ನೀನು ಬೆಳಿಗ್ಗೆ ಅಂಗಡಿಯಲ್ಲಿ ಏನು ಕೇಳಿದ್ದೆಯೆಂದು ಅಕ್ಕೋರು ವಿಚಾರಿಸಿದರು, ಹೇಳಿದೆ, ಬೇಜಾರು ಮಾಡಿಕೊಳ್ಳಬೇಡ ಎಂದರು. ಅಮರನಾಥ ತಲೆ ಎತ್ತಿದ. ಸುಳ್ಳು ಹೇಳಿ ಬಾಯಿ ಬಿಡಿಸುವುದು ಯಾವ ನ್ಯಾಯ, ಅಮೆರಿಕದಲ್ಲಾಗಿದ್ದರೆ ಹೀಗೆ ನಡೆಯುತ್ತಿತ್ತೇ ಎಂದು ಕೇಳಿದ.

"ನಡೀತದ" ಎಂದರು ಸರ್. "ಅಲ್ಲಿ ವಿಚಾರಣಿ ಮಾಡೋವಾಗ ಪೊಲೀಸರು ಸುಳ್ಳು ಹೇಳಿದ್ರೂ ನಡೀತದ ಅಂತ ದೊಡ್ಡ ಕೋರ್ಟೇ ಹೇಳ್ಯದ. ಹಂಗ ಬಾಯಿ ಬಿಟ್ಟು ಜೇಲಿಗಿ ಹೋದವರು ಭಾಳ ಮಂದಿ ಅದಾರ."

ಅಮರನಾಥ ಇಟ್ಟಿಗೆಯ ಗುಡ್ಡೆಯಿಂದ ಎದ್ದು ನಿಂತ. "ಇದನ್ನ ಮುಂಜಾನೇ ಯಾಕ ಹೇಳಲಿಲ್ರಿ ಸರ್?"

"ನೀ ಎಲ್ಲಿ ಕೇಳ್ದಿಯಪಾ" ಎಂದರು ಧಮ್ಮಪಾಲ ಸರ್, ಚಷ್ಮಾದ ಕಡ್ಡಿ ಸರಿಮಾಡಿಕೊಳ್ಳುತ್ತ. "ಸುಮ್ನ ಕುಂತಿದ್ದಿ."